ಆತಕೂರಿನ ಕಲ್ಲು: ಅಪ್ಪಣೆಯಿಂದ ಮೆಚ್ಚಿನವರೆಗೆ

ರಾಜಕೀಯ ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧಗಳು ಒಂದು ವಾಕ್ಯದಲ್ಲಿ ಮುಗಿಯುತ್ತವೆ. ‘ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಗೆದ್ದನು’ ಎಂಬುದು ಅಂಥ ಒಂದು ವಾಕ್ಯ. ಅರಸನು ಚದುರಂಗದ ಕಾಯಿ ನಡೆಸಿದಂತೆ ಸೇನೆಯನ್ನು ನಡೆಸಿದನೆಂಬ ಚಿತ್ರ ಅದರಿಂದ ಮೂಡುತ್ತದೆ. ಆದರೆ ಮಾನ್ಯಖೇಟದ ಅರಸನೊಬ್ಬನ ಮಾತಿಗೆ ಗಂಗವಾಡಿಯ ಯೋಧನೊಬ್ಬನು ಅರಕ್ಕೋಣದ ಬಳಿಯ ದೂರದ ರಣಭೂಮಿಗೆ ಏಕೆ ಹೋದನು? ಅಪ್ಪಣೆ ಅವನನ್ನು ಯಾವ ದಾರಿಯಿಂದ ಮುಟ್ಟಿತು? ಅಂದಿನ ದಂಡಯಾತ್ರೆಯ ಆಜ್ಞಾಪತ್ರಗಳು ನಮಗೆ ಉಳಿದು ಬಂದಿಲ್ಲ. ಉಳಿದಿರುವುದು ಯುದ್ಧ ಮುಗಿದ ಮೇಲೆ ಹಂಚಿದ ಮೆಚ್ಚುಗೆಯ ದಾಖಲೆ. ಅದನ್ನು ಹಿಮ್ಮುಖವಾಗಿ ಓದಿದರೆ ಅಪ್ಪಣೆಯ ದಾರಿ ಕಾಣಿಸುತ್ತದೆ. ಇಂಥ ಓದಿಗೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನಕ್ಕಿಂತ ಉತ್ತಮ ಆಕರ ದೊರೆಯುವುದು ಕಷ್ಟ.

ಆತಕೂರಿನ ಚಲ್ಲೇಶ್ವರ ದೇವಾಲಯದ ಬಳಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು ಶಕವರ್ಷ 872ರ, ಸೌಮ್ಯ ಸಂವತ್ಸರದ್ದು, ಎಂದರೆ ಕ್ರಿ.ಶ. 949–50. ‘ಕಾಳಿ’ ಎಂಬ ಬೇಟೆನಾಯಿಗೆ ನಿಲ್ಲಿಸಿದ ಸ್ಮಾರಕವೆಂದೇ ಇದು ಜನಪ್ರಿಯ. ಆದರೆ ಇದೇ ಕಲ್ಲಿನಲ್ಲಿ ಚಕ್ರವರ್ತಿ ಕನ್ನರದೇವ, ಅವನ ಮಾಂಡಲಿಕ ಗಂಗ ಬೂತುಗ, ಬೂತುಗನ ಸೇವಕ ಮಣಲೆರ ಎಂಬ ಮೂವರ ಸಂಬಂಧವೂ ಅಡಕವಾಗಿದೆ. ದಕ್ಷಿಣದ ಒಂದು ಮಹಾಯುದ್ಧದ ಸೇನಾವ್ಯವಸ್ಥೆಯ ಮೂರು ಮೆಟ್ಟಿಲುಗಳು ಒಂದೇ ಕಡೆ ಕಾಣಸಿಗುವುದು ಇಲ್ಲಿನ ವಿಶೇಷ.

ಮೊದಲ ಮೆಟ್ಟಿಲು ಕೃಷ್ಣ ಮತ್ತು ಬೂತುಗರದು. ಎರೆಯಪ್ಪನ ಮಗ ರಾಚಮಲ್ಲನನ್ನು ಕೊಂದು ಬೂತುಗನು ಗಂಗವಾಡಿ ತೊಂಬತ್ತಾರು ಸಾವಿರವನ್ನು ಆಳುತ್ತಿದ್ದನೆಂದು ಶಾಸನವೇ ಹೇಳುತ್ತದೆ. ಆ ಕಾರ್ಯದಲ್ಲಿ ಕೃಷ್ಣನ ಕೈಯಿದ್ದುದಕ್ಕೆ ಕ್ರಿ.ಶ. 940ರ ದೇವಳಿ ತಾಮ್ರಪಟ ಸಾಕ್ಷಿ. ಗಂಗರ ನೆಲದಲ್ಲಿ ರಾಚಮಲ್ಲನೆಂಬ ವಿಷವೃಕ್ಷವನ್ನು ಕಿತ್ತು ಬೂತುಗನನ್ನು ನೆಟ್ಟವನು ಕೃಷ್ಣನೆಂದು ಅದು ವರ್ಣಿಸುತ್ತದೆ. ಬೂತುಗನು ಕೃಷ್ಣನ ಸೋದರಿ ರೇವಕನಿಮ್ಮಡಿಯ ಪತಿಯೂ ಹೌದು. ಹೀಗಾಗಿ ಚೋಳ ಪರಾಂತಕನ ಮೇಲೆ ದಂಡು ಹೊರಟಾಗ ಬೂತುಗನಿಗೆ ಬಂದದ್ದು ಬರಿಯ ರಾಜಾಜ್ಞೆಯಲ್ಲ. ಪಟ್ಟಕಟ್ಟಿದವನ ಋಣ, ನಂಟಿನ ಕಟ್ಟು, ತನ್ನ ಸ್ಥಾನವನ್ನು ಉಳಿಸಿಕೊಳ್ಳುವ ಅಗತ್ಯ ಇವೆಲ್ಲ ಆ ಕರೆಯಲ್ಲಿ ಸೇರಿದ್ದವು.

ತಕ್ಕೋಲದಲ್ಲಿ ಚೋಳ ಯುವರಾಜ ರಾಜಾದಿತ್ಯನನ್ನು ಬೂತುಗನು ಕೊಂದ ಬಗೆಯನ್ನು ಹೇಳುವಾಗ ಶಾಸನವು ‘ಬಿಸುಗೆ’ ಎಂಬ ಪದವನ್ನು ಬಳಸುತ್ತದೆ. ಇದನ್ನು ಒಳಗೊಂಡ ಮಾತಿನಿಂದ ವಂಚನೆಯ ಕೊಲೆಯ ಅರ್ಥವನ್ನು ಹೊರಡಿಸಿದ ಓದುಗಳೂ ಹಿಂದೆ ಬಂದಿದ್ದವು. ಬಿಸುಗೆ ಎಂದರೆ ಆನೆಯ ಬೆನ್ನಿನ ಮೇಲಣ ಪೀಠ. ಆ ಪೀಠವನ್ನೇ ಕಳನಾಗಿಸಿಕೊಂಡು ಸುರಗಿಯಿಂದ ಇರಿದನೆಂದು ಅರ್ಥ ಮಾಡಿದಾಗ ಪ್ರಸಂಗ ಸ್ಪಷ್ಟವಾಗುತ್ತದೆ. ಚೋಳರ ಲೈಡನ್ ತಾಮ್ರಪಟವೂ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆನ್ನುತ್ತದೆ. ಆದರೆ ಅಲ್ಲಿ ಅವನ ಎದೆಯನ್ನು ಭೇದಿಸಿದ್ದು ಕೃಷ್ಣರಾಜನ ಬಾಣ. ಸೋತ ಪಕ್ಷದ ದಾಖಲೆಯಲ್ಲಿ ಚಕ್ರವರ್ತಿಗೆ ಸಂದ ಕೀರ್ತಿ ಆತಕೂರಿನಲ್ಲಿ ಮಾಂಡಲಿಕನಿಗೆ ಸಂದಿದೆ. ಚಕ್ರವರ್ತಿಯ ಹೆಸರಿನಲ್ಲಿ ನಡೆದ ಯುದ್ಧವನ್ನು ಕಳದಲ್ಲಿ ನಡೆಸಿದವರು ಬೇರೆಯವರೆಂಬುದಕ್ಕೆ ಈ ವ್ಯತ್ಯಾಸವೇ ಸೂಚನೆ.

ಈ ಕಾರ್ಯಕ್ಕಾಗಿ ಕೃಷ್ಣನು ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು ಮತ್ತು ಬಾಗೆನಾಡು ಎಪ್ಪತ್ತನ್ನು ‘ಮೆಚ್ಚುಗೊಟ್ಟನು’. ಕ್ರಿ.ಶ. 975ರ ಹೆಬ್ಬಾಳ ಶಾಸನವು ಇವುಗಳಲ್ಲಿ ಬನವಾಸಿಯನ್ನು ಬಿಟ್ಟು ಉಳಿದ ನಾಲ್ಕು ನಾಡುಗಳನ್ನು ರೇವಕನಿಮ್ಮಡಿಯ ಬಳುವಳಿಯೆಂದು ಹೇಳುವುದು ಗಮನಾರ್ಹ. ಬಳುವಳಿಯಾಗಿ ಬಂದ ನೆಲವೇ ಯುದ್ಧದ ಮೆಚ್ಚಾಗಿಯೂ ದಾಖಲಾಗಿದೆ. ನಂಟಿನ ಹಕ್ಕು ಯಾವುದು, ಸೇವೆಯ ಫಲ ಯಾವುದು ಎಂದು ಬೇರ್ಪಡಿಸುವುದು ಅಂದಿನವರಿಗೂ ಸುಲಭವಿರಲಿಲ್ಲವೆಂದು ತೋರುತ್ತದೆ.

ಎರಡನೆಯ ಮೆಟ್ಟಿಲು ಬೂತುಗ ಮತ್ತು ಮಣಲೆರರದು. ಸಗರವಂಶದವನೆಂದೂ ವಳಭೀಪುರದ ಒಡೆಯನೆಂದೂ ಬಿರುದುಳ್ಳ ಮಣಲೆರನು ಬೂತುಗನ ಮುಂದೆ ನಿಂತು ಹೋರಾಡಿದನು. ಆ ‘ಮುಂದೆ ನಿಂತ’ ಕಾರಣಕ್ಕೇ ಅವನಿಗೆ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರು ‘ಬಾಳ್ಗಚ್ಚು’ಗೊಡುಗೆಯಾಗಿ ಬಂದವು. ಬಾಳ್ಗಚ್ಚು ಎಂದರೆ ಬಾಳನ್ನು, ಅಂದರೆ ಖಡ್ಗವನ್ನು, ತೊಳೆದು ಕೊಡುವ ದತ್ತಿ. ಮೇಲಿನ ಮೆಟ್ಟಿಲಿನಲ್ಲಿ ‘ಮೆಚ್ಚು’, ಕೆಳಗಿನದರಲ್ಲಿ ‘ಬಾಳ್ಗಚ್ಚು’ ಎಂಬ ಪದಭೇದವನ್ನು ಆಕಸ್ಮಿಕವೆನ್ನಲಾಗದು. ಅರಸನಿಗೆ ಸಂದದ್ದು ಗೆಲುವಿನ ಮನ್ನಣೆ. ಯೋಧನಿಗೆ ಸಂದದ್ದು ನೆತ್ತರು ಹತ್ತಿದ ಆಯುಧದ ಮನ್ನಣೆ. ಕೃಷ್ಣನಿಂದ ಮಣಲೆರನಿಗೆ ನೇರವಾಗಿ ನೆಲ ಬಂದಿಲ್ಲ ಎಂಬುದನ್ನೂ ನೋಡಬೇಕು. ಪ್ರತಿಯೊಬ್ಬನೂ ತನ್ನ ನೇರ ಒಡೆಯನಿಗಾಗಿ ಕಾದಿದನು, ಅವನಿಂದಲೇ ನೆಲ ಪಡೆದನು. ಅಪ್ಪಣೆ ಇಳಿದು ಬಂದದ್ದೂ ಇದೇ ಮೆಟ್ಟಿಲುಗಳಿಂದಲೇ ಎಂದು ಊಹಿಸಬಹುದು.

ಈ ವ್ಯವಸ್ಥೆಯ ನೀತಿಗೆ ಅಂದಿನ ಸಾಹಿತ್ಯ ಇಟ್ಟ ಹೆಸರು ಜೋಳವಾಳಿ, ಒಡೆಯನ ಅನ್ನಕ್ಕೆ ಸಲ್ಲಿಸುವ ಋಣ. ತಕ್ಕೋಲದ ಕದನಕ್ಕೆ ಕೆಲವೇ ವರ್ಷಗಳ ಮುನ್ನ, ರಾಷ್ಟ್ರಕೂಟರ ಮತ್ತೊಬ್ಬ ಮಾಂಡಲಿಕ ಅರಿಕೇಸರಿಯ ಆಸ್ಥಾನದಲ್ಲಿ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದ ಕರ್ಣನು ಹುಟ್ಟಿನ ಸಂಬಂಧಕ್ಕಿಂತ ಒಡೆಯನ ಋಣವೇ ದೊಡ್ಡದೆಂದು ನಿಲ್ಲುತ್ತಾನೆ. ಆ ಕರ್ಣನು ಪುರಾಣದವನಾದರೂ ಅವನ ಇಕ್ಕಟ್ಟು ಸಮಕಾಲೀನ. ಮುಂದಿನ ತಲೆಮಾರಿನಲ್ಲಿ ಜಿನಭಕ್ತ ದಂಡನಾಯಕ ಚಾವುಂಡರಾಯನು ಗೋನೂರಿನ ಕಾಳಗಕ್ಕಾಗಿ ‘ವೀರಮಾರ್ತಂಡ’ನಾದುದೂ ಇದೇ ಪರಂಪರೆಯ ಮುಂದುವರಿಕೆ. ಅಹಿಂಸೆಯನ್ನು ವ್ರತವಾಗಿ ಒಪ್ಪಿದ ಮನೆತನಗಳು ರಣಧರ್ಮವನ್ನು ಬಿಡಲಿಲ್ಲ. ಬೂತುಗನ ಮಗ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು, ಕೊನೆಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು.

ಇನ್ನು ಕಾಳಿಯ ವಿಷಯ. ಮೆಚ್ಚಿದುದನ್ನು ಬೇಡಿಕೋ ಎಂದಾಗ ಮಣಲೆರನು ಕೇಳಿದ್ದು ಈ ನಾಯಿಯನ್ನು. ಕೆಳಲೆಯ ಬೆಳ್ತೂರು ಬೆಟ್ಟದಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಿ ಸತ್ತವು. ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುವುದೆಂಬ ಕಟ್ಟಳೆಯೂ ಇದೆ. ಒಡೆಯನ ಮಾತಿಗೆ ಮುನ್ನುಗ್ಗಿ ಸತ್ತ ಪ್ರಾಣಿಗೆ ಯೋಧನ ಗೌರವವೇ ದೊರೆಯಿತು. ಅದರ ನೆನಪಿನಿಂದ ಉಣ್ಣುವವನ ಮೇಲೂ ಅನ್ನದ ಋಣ ಬಿದ್ದಿತು. ಜೋಳವಾಳಿಯ ಕಟ್ಟು ಎಷ್ಟು ಕೆಳಗಿನವರೆಗೆ ಇಳಿದಿತ್ತೆಂಬುದಕ್ಕೆ ಇದು ಕೊನೆಯ ನಿದರ್ಶನ.

ಆದರೂ ಮಣಲೆರನಿಗಿಂತ ಕೆಳಗೆ ನಿಂತು ತಕ್ಕೋಲದಲ್ಲಿ ಕಾದಿದ ಕಾಲಾಳುಗಳ ಒಂದು ಹೆಸರೂ ಈ ಕಲ್ಲಿನಲ್ಲಿಲ್ಲ. ನಾಯಿಯ ಹೆಸರು ಉಳಿದಿದೆ, ಅವರದು ಉಳಿದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯ ವೀರಗಲ್ಲುಗಳನ್ನು ಅಧ್ಯಯನ ಮಾಡುವವರು ಯಾರು ಗೆದ್ದರು ಎಂಬ ಪ್ರಶ್ನೆಯೊಡನೆ, ಯಾರು ಯಾರಿಗಾಗಿ ಹೊರಟರು, ಮಡಿದವನ ಮನೆಗೆ ಏನು ಬಂದಿತು ಎಂಬುದನ್ನೂ ಕೇಳಿಕೊಳ್ಳಬೇಕು. ಸೇನೆಯ ಚರಿತ್ರೆ ಅರಸರ ಚರಿತ್ರೆಯಿಂದ ಬೇರೆಯಾಗಿ ಕಾಣತೊಡಗುವುದು ಆ ಪ್ರಶ್ನೆಗಳಿಂದಲೇ.