ಮೂಗಿನ ಕೆಳಗೆ ಜೇನಿನ ಬಣ್ಣದ ಹಕ್ಕಳೆ: ಇದು ಜೇಡ ಉಚ್ಚೆ ಹೊಯ್ದದ್ದಲ್ಲ, ಅಮ್ಮನೂ ಅಲ್ಲ

ಮಗುವಿನ ಮೂಗಿನ ಕೆಳಗೋ ಬಾಯಿಯ ಪಕ್ಕದಲ್ಲೋ ಗುಳ್ಳೆ ಎದ್ದು ಒಡೆದರೆ ಮನೆಯಲ್ಲಿ ಮೊದಲು ಬರುವ ಮಾತು, "ರಾತ್ರಿ ಜೇಡ ಉಚ್ಚೆ ಹೊಯ್ದಿದೆ". ಇಲ್ಲವೇ "ಅಮ್ಮ ಬಂದಿದ್ದಾಳೆ". ಜೇಡದ್ದಾಗಲಿ ಹಲ್ಲಿಯದ್ದಾಗಲಿ ಮೂತ್ರದಿಂದ ಹೀಗೆ ಒಬ್ಬರಿಂದ ಒಬ್ಬರಿಗೆ ಹರಡುವ ಹುಣ್ಣು ಆಗುವುದಿಲ್ಲ. ಇದು ಹೆಚ್ಚಾಗಿ ಇಂಪೆಟೈಗೊ ಎಂಬ ಚರ್ಮದ ಸೋಂಕು. ಸ್ಟ್ಯಾಫಿಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. 2ರಿಂದ 5 ವರ್ಷದ ಮಕ್ಕಳಲ್ಲಿ ಇದು ಹೆಚ್ಚು.

ಗುರುತಿಸುವುದು ಹೇಗೆ? ಹಕ್ಕಳೆಯ ಬಣ್ಣ ನೋಡಿ. ಸಣ್ಣ ಗುಳ್ಳೆ ಒಡೆದು, ನೀರು ಸೋರಿ ಒಣಗಿದಾಗ ಬೆಲ್ಲದ ಪಾಕ ಮೆತ್ತಿದಂತೆ ಕಾಣುತ್ತದೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣದಿರಬಹುದು, ಹಕ್ಕಳೆ ಮಾತ್ರ ಕಾಣುತ್ತದೆ. ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಅಮ್ಮ, ಅಂದರೆ ಚಿಕನ್‌ಪಾಕ್ಸ್ ಆದರೆ ಜ್ವರದ ಜೊತೆ ಎದೆ, ಬೆನ್ನು, ಮುಖ ಎಲ್ಲೆಡೆ ಗುಳ್ಳೆ ಏಳುತ್ತವೆ. ಸರ್ಪಸುತ್ತು ಮೈಯ ಒಂದೇ ಬದಿಗೆ ಪಟ್ಟಿಯಂತೆ ಬರುತ್ತದೆ, ಉರಿ ಹೆಚ್ಚು. ರಾತ್ರಿ ವಿಪರೀತ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ, ಮನೆಯವರಿಗೆಲ್ಲ ತುರಿಕೆ ಇದ್ದರೆ ಅದು ಕಜ್ಜಿ. ಆದರೆ ಕಜ್ಜಿಯನ್ನು ಕೆರೆದ ಜಾಗಕ್ಕೂ ಇಂಪೆಟೈಗೊ ಸೇರಿಕೊಳ್ಳುತ್ತದೆ. ಆಗ ಎರಡಕ್ಕೂ ಔಷಧ ಬೇಕು.

ಹಲಕುಂದಿಯಂತಹ ಬಳ್ಳಾರಿ ಸೀಮೆಯ ಊರುಗಳಲ್ಲಿ ಸೆಕೆ, ಬೆವರು, ಸೊಳ್ಳೆ ಕಚ್ಚಿದ್ದನ್ನು ಕೆರೆದ ಗಾಯ, ಮನೆಮಂದಿಗೆಲ್ಲ ಒಂದೇ ಟವೆಲ್, ಇಷ್ಟಿದ್ದರೆ ಈ ಸೋಂಕಿಗೆ ಸಾಕು. "ಉಷ್ಣ ಆಗಿದೆ" ಎಂದು ಎಳನೀರು ಕುಡಿಸಿದರೆ ತಪ್ಪೇನಿಲ್ಲ, ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ನಮಗೆ ಹೆಚ್ಚು ಆತಂಕ ತರುವುದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ "ಎಲ್ಲದಕ್ಕೂ ಒಂದೇ" ಮುಲಾಮು. ಅಂಥವುಗಳಲ್ಲಿ ಹಲವುದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಕಡಿಮೆಯಾದಂತೆ ಕಂಡರೂ ಒಳಗೆ ಸೋಂಕು ಬೆಳೆಯಬಹುದು. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಒಂದೆರಡು ಹುಣ್ಣಾದರೆ ವೈದ್ಯರು ಸಾಮಾನ್ಯವಾಗಿ ಮ್ಯುಪಿರೋಸಿನ್‌ನಂತಹ ಆಂಟಿಬಯೋಟಿಕ್ ಮುಲಾಮು ಕೊಡುತ್ತಾರೆ, ಹೆಚ್ಚಿದ್ದರೆ ಮಾತ್ರೆ ಅಥವಾ ಸಿರಪ್. ಹಕ್ಕಳೆಯನ್ನು ಸೋಪು ನೀರಿನಿಂದ ನೆನೆಸಿ ತೆಗೆದು ಮುಲಾಮು ಹಚ್ಚಿ, ಕೈ ತೊಳೆಯಿರಿ. ಉಗುರು ಕತ್ತರಿಸಿ, ಟವೆಲ್ ಬೇರೆ ಇಡಿ. ಔಷಧ ಶುರುವಾಗಿ ಎರಡು ದಿನ ಅಂಗನವಾಡಿಗೆ ಕಳಿಸಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ಸಾಕು. ಹುಣ್ಣು ಬೇಗ ಹರಡಿದರೆ, ಜ್ವರ ಬಂದರೆ ಬಳ್ಳಾರಿಯ ಬಿಎಂಸಿಆರ್‌ಸಿಗೆ (ಜನರ ಬಾಯಲ್ಲಿ ಈಗಲೂ ವಿಮ್ಸ್) ಕರೆದೊಯ್ಯಿರಿ.

ಇನ್ನೊಂದು ವಿಷಯ ಫಾರ್ವರ್ಡ್‌ಗಳಲ್ಲಿ ಬರುವುದೇ ಅಪರೂಪ. ಸ್ಟ್ರೆಪ್ಟೊಕಾಕಸ್‌ನಿಂದ ಆದ ಹುಣ್ಣಿನ ನಂತರ, ಕೆಲವು ಮಕ್ಕಳಿಗೆ ಸಾಮಾನ್ಯವಾಗಿ ಮೂರರಿಂದ ಆರು ವಾರಗಳಲ್ಲಿ ಮೂತ್ರಪಿಂಡದ ಉರಿಯೂತ ಬರುತ್ತದೆ. ಬೆಳಿಗ್ಗೆ ಮುಖ, ಕಣ್ಣು ಊದಿದ್ದರೆ, ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಹುಣ್ಣು ಮಾಯ್ದಿದ್ದರೂ ಸರಿ, ಅಂದೇ ಆಸ್ಪತ್ರೆಗೆ ಹೋಗಿ ಹುಣ್ಣಾಗಿದ್ದ ವಿಷಯವನ್ನೂ ಹೇಳಿ.