ಯಥಾಪ್ರತಿ: ಇಡೀ ಡಿಸ್ಕನ್ನು ನಕಲು ಮಾಡುವ ವಿದ್ಯೆಯ ಕಥೆ

1999ರ ಏಪ್ರಿಲ್ 26, ಸೋಮವಾರ. ಭಾರತವೂ ಸೇರಿ ಏಷ್ಯಾದ ಹಲವು ದೇಶಗಳಲ್ಲಿ ವಿಂಡೋಸ್ 95 ಮತ್ತು 98 ಇದ್ದ ಅಸಂಖ್ಯ ಕಂಪ್ಯೂಟರುಗಳು ಅಂದು ಕೆಟ್ಟು ನಿಂತವು. ಕಾರಣ ಸಿಐಎಚ್ ಎಂಬ ವೈರಸ್. ಅದನ್ನು ಬರೆದವನು ಚೆನ್ ಇಂಗ್-ಹೌ ಎಂಬ ತೈವಾನಿನ ವಿದ್ಯಾರ್ಥಿ. ವೈರಸ್ಸಿಗೆ ಸಿಕ್ಕಿದ್ದು ಅವನ ಹೆಸರಿನ ಮೊದಲಕ್ಷರಗಳೇ. ಚೆರ್ನೋಬಿಲ್ ಅಣು ದುರಂತ ನಡೆದದ್ದೂ 1986ರ ಏಪ್ರಿಲ್ 26ರಂದು. ಹಾಗಾಗಿ ಪತ್ರಿಕೆಗಳು ಇದನ್ನು ಚೆರ್ನೋಬಿಲ್ ವೈರಸ್ ಎಂದೇ ಕರೆದವು.

ಅದು ಮಾಡುತ್ತಿದ್ದ ಕೆಲಸ ಎರಡು. ಸಾಧ್ಯವಾದ ಕಡೆ ಮದರ್‌ಬೋರ್ಡಿನ ಬಯೋಸ್ ಚಿಪ್ಪನ್ನು ಕೆಡಿಸುವುದು ಒಂದು. ಹಾರ್ಡ್ ಡಿಸ್ಕಿನ ಆರಂಭದ 1 ಎಂಬಿ ಜಾಗದಲ್ಲಿ ಬರೀ ಸೊನ್ನೆಗಳನ್ನು ತುಂಬುವುದು ಇನ್ನೊಂದು. 4 ಜಿಬಿ ಡಿಸ್ಕಿನಲ್ಲಿ 1 ಎಂಬಿ ಎಂದರೆ ನಾಲ್ಕು ಸಾವಿರದಲ್ಲಿ ಒಂದು ಪಾಲು. ಆದರೆ ಡಿಸ್ಕನ್ನು ಎಷ್ಟು ಭಾಗ ಮಾಡಲಾಗಿದೆ, ವಿಂಡೋಸ್ ಎಲ್ಲಿಂದ ಶುರುವಾಗಬೇಕು, ಯಾವ ಫೈಲು ಎಲ್ಲಿದೆ ಎಂಬ ಲೆಕ್ಕವೆಲ್ಲ ಇದ್ದದ್ದು ಆ ಒಂದು ಪಾಲಿನಲ್ಲೇ. ಗ್ರಂಥಾಲಯದ ಪುಸ್ತಕಗಳೆಲ್ಲ ಕಪಾಟಿನಲ್ಲೇ ಇದ್ದು ಸೂಚಿ ಮಾತ್ರ ಸುಟ್ಟುಹೋದಂತೆ. ಬಲ್ಲವರು ವಿಶೇಷ ತಂತ್ರಾಂಶ ಬಳಸಿ ಎಷ್ಟೋ ಡಿಸ್ಕುಗಳಿಂದ ಫೈಲುಗಳನ್ನು ಹೊರತೆಗೆದರು. ಸಾಮಾನ್ಯ ಮನೆಯವರ ಪಾಲಿಗೆ ಮಾತ್ರ ಕಂಪ್ಯೂಟರ್ ಸತ್ತಂತೆಯೇ.

ಮುಖ್ಯ ಫೈಲುಗಳನ್ನು ಮೊದಲೇ ಫ್ಲಾಪಿಯಲ್ಲಿ ಎತ್ತಿಟ್ಟಿದ್ದವರ ಕಷ್ಟವೂ ಅಲ್ಲಿಗೆ ಮುಗಿಯುತ್ತಿರಲಿಲ್ಲ. ವಿಂಡೋಸನ್ನು ಮತ್ತೆ ಹಾಕಬೇಕು. ಪ್ರಿಂಟರ್, ಮೋಡೆಮ್, ಸೌಂಡ್ ಕಾರ್ಡುಗಳ ಡ್ರೈವರ್ ಸಿಡಿ ಹುಡುಕಬೇಕು. ಫಾಂಟು, ಕೀಲಿಮಣೆ, ಲೆಕ್ಕಪತ್ರದ ತಂತ್ರಾಂಶ ಎಲ್ಲವನ್ನೂ ಒಂದೊಂದಾಗಿ ಕೂರಿಸಬೇಕು. ಇದಕ್ಕೆಲ್ಲ ಸಿದ್ಧ ಪರಿಹಾರವಿದ್ದದ್ದು ಇಡೀ ಡಿಸ್ಕಿನ ಪ್ರತಿ ಇಟ್ಟುಕೊಂಡಿದ್ದ ಕೆಲವೇ ಮಂದಿಯ ಬಳಿ. ಬಯೋಸ್ ಉಳಿದಿದ್ದರೆ ಸಾಕು, ಅವರ ಕಂಪ್ಯೂಟರ್ ಅಂದೇ ಹಳೆಯ ರೂಪಕ್ಕೆ ಬರುತ್ತಿತ್ತು.

ಎರಡು ಬಗೆಯ ಪ್ರತಿ

ಕನ್ನಡದಲ್ಲಿ ನಕಲು ಎಂದರೆ ಪ್ರತಿ. ಖೋಟಾ ಮಾಲಿಗೂ ಅದೇ ಪದ. ಈ ಅನುಮಾನಕ್ಕೆ ಎಡೆಯಿಲ್ಲದ ಇನ್ನೊಂದು ಪದ ನಮ್ಮಲ್ಲಿದೆ: ಯಥಾಪ್ರತಿ. ಇದ್ದದ್ದನ್ನು ಇದ್ದಂತೆ ಎತ್ತಿಕೊಳ್ಳುವುದು. ಡಿಸ್ಕ್ ಇಮೇಜ್ ಎಂದು ತಂತ್ರಜ್ಞರು ಹೇಳುವುದು ಇದನ್ನೇ.

ಫೈಲುಗಳ ಬ್ಯಾಕಪ್ ಮಾಡುವಾಗ ಯಾವುದು ಬೇಕು, ಯಾವುದು ಬೇಡ ಎಂದು ಮನುಷ್ಯ ಆರಿಸುತ್ತಾನೆ. ಇಮೇಜಿನಲ್ಲಿ ಆಯ್ಕೆಯಿಲ್ಲ. ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಬೂಟ್ ಮಾಡುವ ಸೂಚನೆ, ವಿಭಾಗಗಳ ಪಟ್ಟಿ, ಅಡಗಿಸಿಟ್ಟ ಫೈಲು, ಅಳಿಸಿದ ಫೈಲಿನ ಅವಶೇಷ ಎಲ್ಲವೂ ಒಂದೇ ದೊಡ್ಡ ಫೈಲಿನೊಳಗೆ ಬಂದು ಕೂರುತ್ತವೆ. ಓಲೆಗರಿ ಕಾಲದ ಲಿಪಿಕಾರರು ಗ್ರಂಥದ ಕೊನೆಗೆ, ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನದಲ್ಲ ಎಂದು ಬರೆಯುವುದಿತ್ತು. ಇಮೇಜಿನ ನಿಲುವೂ ಅದೇ. ಡಿಸ್ಕಿನಲ್ಲಿ ವೈರಸ್ ಇದ್ದರೆ ಪ್ರತಿಯಲ್ಲೂ ವೈರಸ್ ಇರುತ್ತದೆ.

ಯುನಿಕ್ಸ್ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆ 1970ರ ದಶಕದಿಂದಲೇ ‘ಡಿಡಿ’ ಎಂಬ ಆದೇಶವಿತ್ತು. ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು ಎಂದು ಹೇಳಿದರೆ ಮರುಪ್ರಶ್ನೆಯಿಲ್ಲದೆ ನಕಲು ಮಾಡುತ್ತದೆ. ಎರಡು ಹೆಸರು ಅದಲುಬದಲಾದರೆ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದು ಮುಗಿಸುತ್ತದೆ. ಅದಕ್ಕೇ ‘ಡಿಸ್ಕ್ ಡಿಸ್ಟ್ರಾಯರ್’ ಎಂಬ ಅಡ್ಡಹೆಸರು. ಪಿಸಿ ಲೋಕದಲ್ಲಿ ಡಾಸ್‌ನ ‘ಡಿಸ್ಕ್‌ಕಾಪಿ’ ಇತ್ತು. ಆದರೆ ಅದರ ಶಕ್ತಿ ಫ್ಲಾಪಿಗಳಿಗಷ್ಟೇ ಸೀಮಿತ.

ಫ್ಲಾಪಿಗಳ ಲೆಕ್ಕ

ತೊಡಕಿದ್ದದ್ದು ಗಾತ್ರದಲ್ಲಿ. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಇತ್ತು. ಅಂದಿನ ಫ್ಲಾಪಿ ಹಿಡಿಯುತ್ತಿದ್ದದ್ದು 360 ಕೆಬಿ. ತುಂಬಿದ ಡಿಸ್ಕಿನ ಪ್ರತಿಗೆ ಸುಮಾರು 30 ಫ್ಲಾಪಿ ಬೇಕು. ಡಾಸ್‌ನ ಬ್ಯಾಕಪ್ ಆದೇಶ ಕೊಟ್ಟು, ಕೇಳಿದಾಗಲೆಲ್ಲ ಹೊಸ ಫ್ಲಾಪಿ ತುರುಕುತ್ತಾ ಕೂರಬೇಕು. ಬೇಸರದ ಕೆಲಸ ನಿಜ, ಆದರೆ ಅಸಾಧ್ಯವಲ್ಲ.

ತೊಂಬತ್ತರ ದಶಕದ ನಡುವಿಗೆ ಮನೆ ಕಂಪ್ಯೂಟರಿನ ಡಿಸ್ಕು 1 ಜಿಬಿ ಮುಟ್ಟಿತು. ಫ್ಲಾಪಿ 1.44 ಎಂಬಿಗೇ ನಿಂತುಬಿಟ್ಟಿತ್ತು. ಈಗ ಬೇಕಾದದ್ದು ಸುಮಾರು 700 ಫ್ಲಾಪಿ. ಅವುಗಳಲ್ಲಿ ಒಂದು ಕೆಟ್ಟರೂ ಸರಣಿ ಮುರಿಯುತ್ತದೆ. ಟೇಪ್ ಡ್ರೈವ್ ದೊಡ್ಡ ಕಚೇರಿಗಳ ಸೊತ್ತು. ಹೀಗಾಗಿ ಮನೆಯ ಡಿಸ್ಕು ದೊಡ್ಡದಾದಷ್ಟೂ ಅದರ ಪೂರ್ತಿ ಪ್ರತಿ ಇಡುವವರು ವಿರಳರಾದರು. ಕಳೆದುಕೊಳ್ಳುವುದು ಹೆಚ್ಚುತ್ತಿದ್ದ ಕಾಲದಲ್ಲೇ ಕಾಪಾಡಿಕೊಳ್ಳುವ ದಾರಿ ಕಿರಿದಾಗುತ್ತಿತ್ತು.

ಆಕ್ಲೆಂಡಿನಿಂದ ಎಸ್‌ಪಿ ರೋಡಿಗೆ

ದಾರಿ ತೆರೆದದ್ದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ಬೈನರಿ ರಿಸರ್ಚ್ ಎಂಬ ಪುಟ್ಟ ಕಂಪನಿಯ ಮರ್ರೆ ಹ್ಯಾಝರ್ಡ್ ತೊಂಬತ್ತರ ದಶಕದ ಮಧ್ಯಭಾಗದಲ್ಲಿ ‘ಘೋಸ್ಟ್’ ಬರೆದರು. ಅದರ ಮೊದಲ ಆವೃತ್ತಿ ಇಡೀ ಡಿಸ್ಕನ್ನು ಮಾತ್ರ ನಕಲು ಮಾಡುತ್ತಿತ್ತು. 1997ರ ಹೊತ್ತಿಗೆ ಬಿಡಿ ವಿಭಾಗಗಳನ್ನೂ ಮಾಡತೊಡಗಿತು. ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ನೇರವಾಗಿ ಬರೆಯಬಹುದು, ಇಲ್ಲವೇ ಒಂದು ಫೈಲಾಗಿ ಇಟ್ಟುಕೊಳ್ಳಬಹುದು.

ಇದರ ಜಾಣತನ ಎಲ್ಲಿತ್ತೆಂದರೆ, ಅದು ಡಿಸ್ಕನ್ನು ಕುರುಡಾಗಿ ಓದದೆ ಫೈಲ್ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳುತ್ತಿತ್ತು. ಖಾಲಿ ಜಾಗವನ್ನು ಬಿಟ್ಟು, ಬಳಕೆಯಲ್ಲಿದ್ದುದನ್ನು ಮಾತ್ರ ಎತ್ತಿಕೊಂಡು, ಅದನ್ನೂ ಒತ್ತಿ ಚಿಕ್ಕದು ಮಾಡುತ್ತಿತ್ತು. 4 ಜಿಬಿ ಡಿಸ್ಕಿನಲ್ಲಿ 1 ಜಿಬಿ ಮಾತ್ರ ಬಳಕೆಯಾಗಿದ್ದರೆ ಅದರ ಪ್ರತಿ ಒಂದೆರಡು ಸಿಡಿಗಳಲ್ಲಿ ಹಿಡಿಯುವಷ್ಟಾಗುತ್ತಿತ್ತು. ಬೇರೆ ಗಾತ್ರದ ಡಿಸ್ಕಿಗೂ ಅದನ್ನು ಇಳಿಸಬಹುದಿತ್ತು. 1998ರ ಜೂನ್‌ನಲ್ಲಿ ಅಮೆರಿಕದ ಸಿಮ್ಯಾಂಟೆಕ್ 2.75 ಕೋಟಿ ಡಾಲರ್ ಕೊಟ್ಟು ಬೈನರಿ ರಿಸರ್ಚನ್ನು ಕೊಂಡಿತು. ಸಿಐಎಚ್ ದಾಳಿಗೆ ಆಗ ಇನ್ನು ಹತ್ತೇ ತಿಂಗಳಿತ್ತು.

ಘೋಸ್ಟ್ ಮನೆಗಳಿಗೆ ಬಂದದ್ದು ಹಿತ್ತಲ ಬಾಗಿಲಿನಿಂದ. ಕಾಲೇಜುಗಳ ಲ್ಯಾಬುಗಳಲ್ಲಿ ಒಂದು ಕಂಪ್ಯೂಟರನ್ನು ಸಿದ್ಧಪಡಿಸಿ ಅದರ ಪ್ರತಿಯನ್ನು ಉಳಿದೆಲ್ಲಕ್ಕೂ ಇಳಿಸುತ್ತಿದ್ದರು. ಬೆಂಗಳೂರಿನ ಎಸ್‌ಪಿ ರೋಡ್, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ಗಳಲ್ಲಿ ಬಿಡಿಭಾಗ ಜೋಡಿಸಿ ಮಾರುವವರಿಗೂ ಇದು ಸಮಯ ಉಳಿಸುವ ದಾರಿಯಾಯಿತು. ಘೋಸ್ಟ್ ಮಾಡುವುದು ಎಂಬುದು ರಿಪೇರಿಯವರ ಮಾತಿನಲ್ಲಿ ಕ್ರಿಯಾಪದವೇ ಆಯಿತು. ಮನೆಯ ಯಜಮಾನನ ಕೈಗೆ ಈ ವಿದ್ಯೆ ಬಂದದ್ದು ಇನ್ನೂ ನಿಧಾನವಾಗಿ, ಯುಎಸ್‌ಬಿ ಹಾರ್ಡ್ ಡಿಸ್ಕು ಅಗ್ಗವಾದ ಮೇಲೆ.

ಈ ನಡುವೆ ಇನ್ನೊಂದು ಗಂಟೂ ಬಿಚ್ಚಿತು. ಚಾಲನೆಯಲ್ಲಿರುವ ಡಿಸ್ಕಿನ ಪ್ರತಿ ಮಾಡುವುದು ಓಡುವ ಬಸ್ಸಿನ ಪ್ರಯಾಣಿಕರನ್ನು ಎಣಿಸಿದಂತೆ: ಎಣಿಸಿ ಮುಗಿಸುವುದರೊಳಗೆ ಕೆಲವರು ಇಳಿದು ಕೆಲವರು ಹತ್ತಿರುತ್ತಾರೆ. ಹಾಗಾಗಿ ಘೋಸ್ಟ್ ಓಡಿಸಲು ವಿಂಡೋಸನ್ನು ಮುಚ್ಚಿ ಡಾಸ್‌ಗೆ ಬರಬೇಕಿತ್ತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಂದ ‘ವಾಲ್ಯೂಮ್ ಶ್ಯಾಡೋ ಕಾಪಿ’ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಅದರಿಂದ ಪ್ರತಿ ತೆಗೆಯಲು ಬಿಟ್ಟಿತು. ಬಳಕೆದಾರ ತನ್ನ ಪಾಡಿಗೆ ಕೆಲಸ ಮುಂದುವರಿಸಬಹುದು. ವಿಂಡೋಸ್ 7ರಲ್ಲಿ ಇಡೀ ಡಿಸ್ಕಿನ ಇಮೇಜ್ ಮಾಡುವ ಸೌಲಭ್ಯ ಮನೆ ಆವೃತ್ತಿಗೂ ಸಿಕ್ಕಿತು. ತೈವಾನಿನ ಸರ್ಕಾರಿ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಿಂದ ‘ಕ್ಲೋನ್‌ಜಿಲ್ಲಾ’ ಎಂಬ ಉಚಿತ, ಮುಕ್ತ ತಂತ್ರಾಂಶ ಬಂತು. ಸಿಐಎಚ್ ಹುಟ್ಟಿದ ನಾಡಿನಿಂದಲೇ ಅದಕ್ಕೆ ಮದ್ದೂ ಬಂದಂತಾಯಿತು.

ರಶ್ದಿಯವರ ಕಂಪ್ಯೂಟರು, ಕನ್ನಡದ ಫಾಂಟು

ಇಮೇಜಿನ ಇನ್ನೊಂದು ಬೆಲೆ ತಿಳಿದದ್ದು ಪತ್ರಾಗಾರದಲ್ಲಿ. ಮುಂಬೈಯಲ್ಲಿ ಹುಟ್ಟಿದ ಸಲ್ಮಾನ್ ರಶ್ದಿಯವರ ಕಾಗದಪತ್ರಗಳನ್ನು ಅಮೆರಿಕದ ಎಮರಿ ವಿಶ್ವವಿದ್ಯಾಲಯ 2006ರಲ್ಲಿ ಪಡೆಯಿತು. ಜೊತೆಗೆ ಅವರು ಬಳಸಿ ಬಿಟ್ಟ ನಾಲ್ಕು ಆಪಲ್ ಕಂಪ್ಯೂಟರುಗಳೂ ಬಂದವು. ಗ್ರಂಥಪಾಲಕರು ಅವುಗಳ ಡಿಸ್ಕುಗಳ ಇಮೇಜ್ ಮಾಡಿ, ಹಳೆಯ ಮ್ಯಾಕಿಂತೋಷ್ ಪರ್ಫಾರ್ಮಾ 5400 ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ಜೀವಂತಗೊಳಿಸಿದರು. 2010ರಿಂದ ಸಂಶೋಧಕರು ಅಲ್ಲಿ ಕುಳಿತು ಲೇಖಕರ ಡೆಸ್ಕ್‌ಟಾಪನ್ನೇ, ಅವರ ಫೋಲ್ಡರುಗಳ ಜೋಡಣೆಯನ್ನೇ ನೋಡಬಹುದಾಯಿತು. ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ಪ್ರಶ್ನೆಯೂ ಎದ್ದಿತು. ಯಥಾಪ್ರತಿಯಲ್ಲಿ ಖಾಸಗಿ ಪತ್ರಗಳೂ ಇರುತ್ತವಲ್ಲ.

ಕನ್ನಡಿಗರಿಗೆ ಇದು ದೂರದ ಕಥೆಯಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ವಿಂಡೋಸಿಗೆ ಅದು ಅರ್ಥವಾದದ್ದು ಎಕ್ಸ್‌ಪಿಯಿಂದ. ಅದಕ್ಕೂ ಮೊದಲು, ಎಷ್ಟೋ ಕಡೆ ಅದಾದ ಬಹಳ ವರ್ಷಗಳವರೆಗೂ, ಜನ ಬರೆದದ್ದು ಬರಹ, ನುಡಿಯಂತಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಫೈಲುಗಳಲ್ಲಿ ಕಂಪ್ಯೂಟರ್ ಕಾಣುವುದು ಕನ್ನಡವನ್ನಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲನ್ನು. ಅದನ್ನು ಕನ್ನಡವಾಗಿಸುತ್ತಿದ್ದದ್ದು ಫಾಂಟು. ಫೈಲನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರೆ ಅಜ್ಜನ ಆತ್ಮಕಥೆ ಓದಲಾಗದ ಗೋಜಲಾಗಿ ತೆರೆದುಕೊಳ್ಳುತ್ತದೆ. ಪರಿವರ್ತಕಗಳಿವೆ. ಆದರೆ ಯಾವ ಫಾಂಟೆಂದು ತಿಳಿದಿರಬೇಕು. ಇಡೀ ಡಿಸ್ಕಿನ ಪ್ರತಿಯಿದ್ದರೆ ಫೈಲಿನ ಜೊತೆಗೆ ಫಾಂಟೂ ಅದನ್ನು ಬರೆದ ತಂತ್ರಾಂಶವೂ ಉಳಿದಿರುತ್ತವೆ. ಅಟ್ಟದ ಮೇಲಿರುವ ಹಳೆಯ ಸಿಪಿಯುವನ್ನು ಗುಜರಿಗೆ ಹಾಕುವ ಮುನ್ನ ಯೋಚಿಸಬೇಕಾದ ಮಾತು ಇದು.

ಈಗಿನ ಸ್ಥಿತಿ

ನಾರ್ಟನ್ ಘೋಸ್ಟ್ ಮಾರಾಟ 2013ರಲ್ಲಿ ನಿಂತಿತು. 2017ರಲ್ಲಿ ಮೈಕ್ರೋಸಾಫ್ಟ್ ತನ್ನ ಸಿಸ್ಟಮ್ ಇಮೇಜ್ ಸೌಲಭ್ಯವನ್ನು ಇನ್ನು ಬೆಳೆಸುವುದಿಲ್ಲ, ಬೇರೆ ತಂತ್ರಾಂಶ ಬಳಸಿ ಎಂದಿತು. ಮನೆಗಳಲ್ಲಿ ಜನಪ್ರಿಯವಾಗಿದ್ದ ಮ್ಯಾಕ್ರಿಯಮ್ ರಿಫ್ಲೆಕ್ಟಿನ ಉಚಿತ ಆವೃತ್ತಿಗೆ 2024ರ ಆರಂಭದಿಂದ ಬೆಂಬಲವಿಲ್ಲ. ಫೋಟೋ, ಪತ್ರಗಳೆಲ್ಲ ಕ್ಲೌಡಿನಲ್ಲಿರುವಾಗ ಡಿಸ್ಕಿನ ಪ್ರತಿ ಏಕೆ ಎಂಬುದು ಈಗಿನ ವಾದ.

ಆದರೆ ಯಂತ್ರದೊಳಗೆ ಆಗಿರುವ ಬದಲಾವಣೆ ಉಲ್ಟಾ ದಿಕ್ಕಿಗೆ ಕೈ ತೋರಿಸುತ್ತದೆ. 1999ರಲ್ಲಿ ಮೊದಲ 1 ಎಂಬಿ ಹೋದರೂ ಉಳಿದದ್ದು ಓದುವಂತಿತ್ತು. ಈಗಿನ ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗನೆ ಖಾಲಿ ಮಾಡಿಬಿಡುತ್ತದೆ, ಕೆದಕಿದರೂ ಸಿಗುವುದಿಲ್ಲ. ಬಿಟ್‌ಲಾಕರ್ ಗೂಢಲಿಪಿಯಲ್ಲಿರುವ ಡಿಸ್ಕಿನ ಕೀಲಿ ಕಳೆದರೆ ಯಾವ ರಿಪೇರಿ ಅಂಗಡಿಯಿಂದಲೂ ಉಪಯೋಗವಿಲ್ಲ. ಕಳ್ಳರಿಂದ ಕಾಪಾಡುವ ಏರ್ಪಾಡೇ ಮಾಲೀಕನ ಎರಡನೆಯ ಅವಕಾಶವನ್ನೂ ಕಿತ್ತುಕೊಂಡಿದೆ. 2017ರ ವನ್ನಾಕ್ರೈಯಂತಹ ಸುಲಿಗೆ ವೈರಸ್ಸುಗಳು ಇನ್ನೊಂದು ಪಾಠ ಕಲಿಸಿದವು: ಸದಾ ಜೋಡಿಸಿಟ್ಟ ಡಿಸ್ಕಿನಲ್ಲಿರುವ ಪ್ರತಿಯೂ ಮೂಲದ ಜೊತೆಗೇ ಬೀಗ ಬೀಳುತ್ತದೆ. ಕೆಲಸ ಮುಗಿದ ಮೇಲೆ ಕೇಬಲ್ ಕಳಚಿಡಬೇಕು. ಚಾಲನೆಯಲ್ಲಿರುವ ವಿಂಡೋಸಿನಿಂದ ತೆಗೆದ ಇಮೇಜಿಗೆ ಸಾಮಾನ್ಯವಾಗಿ ಬಿಟ್‌ಲಾಕರಿನ ರಕ್ಷಣೆ ಇರುವುದಿಲ್ಲ. ಹಾಗಾಗಿ ಆ ಪ್ರತಿಗೂ ಪ್ರತ್ಯೇಕ ಪಾಸ್‌ವರ್ಡ್ ಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿಯುತ್ತದೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಫೈಲುಗಳು ಒಂದು ತಪ್ಪು ಆದೇಶದಿಂದ ಅಳಿಸಿಹೋಗತೊಡಗಿದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಆಗುತ್ತಿಲ್ಲವೆಂಬುದು ತಿಳಿದದ್ದು ಬೇಕಾದಾಗಲೇ. ಚಿತ್ರದ ಬಹುಪಾಲನ್ನು ಉಳಿಸಿದ್ದು ಮನೆಯ ಕಂಪ್ಯೂಟರು. ಚಿತ್ರತಂಡದ ಗ್ಯಾಲಿನ್ ಸುಸ್ಮನ್ ಮಗುವಿನ ಬಾಣಂತನದ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಲು ಅದರಲ್ಲಿ ಒಂದು ಪ್ರತಿ ಇಟ್ಟುಕೊಂಡಿದ್ದರು.

ಅಷ್ಟು ದೊಡ್ಡ ಸಂಸ್ಥೆ ಬಿಟ್ಟದ್ದು, ಪ್ರತಿಯನ್ನು ಒಮ್ಮೆ ತೆರೆದು ನೋಡುವ ಕೆಲಸವನ್ನು. ಇಮೇಜ್ ತೆಗೆಯುವ ತಂತ್ರಾಂಶಗಳಲ್ಲಿ ‘ವೆರಿಫೈ’ ಎಂಬ ಗುಂಡಿ ಇರುತ್ತದೆ. ಇಮೇಜನ್ನು ಒಂದು ಡ್ರೈವಿನಂತೆ ತೆರೆದು ಒಂದೆರಡು ಫೈಲು ಓದಿ ನೋಡುವ ಅನುಕೂಲವೂ ಹಲವುದರಲ್ಲಿದೆ. ಅದರ ಬೂಟ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಏಳುತ್ತದೆಯೇ ಎಂದು ಪರೀಕ್ಷಿಸಲು ಹತ್ತು ನಿಮಿಷ ಸಾಕು. ಹಳೆಯ ಪ್ರತಿಯಿಂದ ಹೊಸ ಪ್ರತಿ ಎತ್ತಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ಹೋಲಿಸುವುದು ಹಸ್ತಪ್ರತಿ ಶಾಸ್ತ್ರದ ಹಳೆಯ ನಿಯಮ. ಡಿಸ್ಕಿಗೂ ಅದೇ ಅನ್ವಯಿಸುತ್ತದೆ.