ಕೇಣಿಯ ಕಡಲು, ನೋಡುವವರ ಕಸುಬು

ಸಂಜೆ ದೋಣಿ ಹತ್ತಿ, ತಿಂಡಿ ತಿನ್ನುತ್ತ, ಸೂರ್ಯ ಮುಳುಗುವ ಹೊತ್ತಿಗೆ ತಿಮಿಂಗಿಲ ನೋಡಿ ಬರುವ ವಿಹಾರ ಇಂದು ಎಷ್ಟೋ ದೇಶಗಳ ಕರಾವಳಿಯಲ್ಲಿ ದೊಡ್ಡ ವ್ಯಾಪಾರ. ಕಾರವಾರದ ಕಡೆ ಅದರ ಚಿಕ್ಕ ರೂಪವೊಂದಿದೆ, ಡಾಲ್ಫಿನ್ ತೋರಿಸಲು ಹೊರಡುವ ದೋಣಿ. ಇದು ಹೊರಗಿನವರ ಮೋಜು ಎಂದು ಕೆಲವರು ಮೂಗು ಮುರಿಯುತ್ತಾರೆ. ಪ್ರವಾಸೋದ್ಯಮ ಹುಟ್ಟಿಸಿದ ಹೊಸ ಕಸುಬು ಎಂದು ಕೆಲವರು ಹೊಗಳುತ್ತಾರೆ. ಎರಡೂ ಮಾತು ಇತಿಹಾಸಕ್ಕೆ ಹೊಂದುವುದಿಲ್ಲ. ಕಡಲನ್ನು ನೋಡಿ ಓದುವ ವಿದ್ಯೆ ಅಂಕೋಲೆಯ ಕೇಣಿಯಿಂದ ಕಾರವಾರದ ಮಾಜಾಳಿಯವರೆಗೆ ತಲೆಮಾರುಗಳಿಂದ ಇದೆ. ದೋಣಿ ವಿಹಾರಕ್ಕೆ ಬೆಲೆ ಬರುವುದೇ ಆ ವಿದ್ಯೆಯಿಂದ. ಹಾಗಾಗಿ ಅದರ ಮೊದಲ ಹಕ್ಕುದಾರರು ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ ಸಮುದಾಯಗಳ ಮೀನುಗಾರರು.

ಇದಕ್ಕೆ ದೊಡ್ಡ ಸಾಕ್ಷಿ ರಂಪಣಿ. ನೂರಾರು ತುಂಡುಗಳನ್ನು ಜೋಡಿಸಿದ ಈ ಬಲೆಯನ್ನು ದೊಡ್ಡ ದೋಣಿಯಲ್ಲಿ ಹೇರಿಕೊಂಡು ಹೋಗಿ, ಮೀನಿನ ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿದು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ದಡಕ್ಕೆ ಎಳೆಯುತ್ತಿದ್ದರು. ಹಿಡಿದ ಬಂಗಡೆ, ತಾರ್ಲೆ ಪಾಲಿನ ಲೆಕ್ಕದಲ್ಲಿ ಮನೆ ಸೇರುತ್ತಿತ್ತು. ಎಳೆಯಲು ತೋಳ್ಬಲ ಬೇಕು, ನಿಜ. ಆದರೆ ಬಲೆ ಎಲ್ಲಿ ಬಿಡಬೇಕು ಎಂದು ಹೇಳಲು ಕಣ್ಣು ಬೇಕು. ನೀರಿನ ಬಣ್ಣ ಒಂದೆಡೆ ಕಪ್ಪಾಗುವುದು, ಗಾಳಿಯಿಲ್ಲದೆಯೂ ಮೇಲ್ಮೈ ನಡುಗುವುದು, ಹಕ್ಕಿಗಳು ಒಂದೇ ಕಡೆ ಎರಗುವುದು, ಕತ್ತಲ ರಾತ್ರಿಯಲ್ಲಿ ಹಿಂಡು ಸರಿದಲ್ಲಿ ನೀರು ಬೆಳಗುವುದು: ಇಷ್ಟನ್ನೂ ಬಲ್ಲವನ ಮಾತಿನ ಮೇಲೆ ಇಡೀ ಊರಿನ ಕೂಳು ನಿಂತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ, ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದವು. ಹಿಂಡು ದಡ ಮುಟ್ಟುವ ಮೊದಲೇ ಬಲೆಗೆ ಬೀಳತೊಡಗಿತು, ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಅದಕ್ಕಿಂತ ಚಿಕ್ಕದಾದ ಏಂಡಿ ಬಲೆ ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿದೆ.

ಹೊಟ್ಟೆಪಾಡಿಗಾಗಿ ನೋಡುವುದೂ ಸಂತೋಷಕ್ಕಾಗಿ ನೋಡುವುದೂ ಒಂದೇ ಅಲ್ಲ ಎಂದು ಯಾರಾದರೂ ಹೇಳಬಹುದು. ಉದ್ದೇಶ ಬೇರೆ, ಒಪ್ಪುತ್ತೇನೆ. ಆದರೆ ಬೇಕಾದ ತಿಳಿವಳಿಕೆ ಒಂದೇ. ಡಾಲ್ಫಿನ್ನಿನ ಆಹಾರವೂ ಮೀನೇ; ಮೀನಿನ ಜಾಡು ತಿಳಿದವನಿಗೇ ಅದರ ಜಾಡೂ ಸಿಗುತ್ತದೆ. ಸಂತೋಷಕ್ಕಾಗಿ ನೀರಿಗಿಳಿಯುವುದೂ ಇಲ್ಲಿ ಹೊಸದಲ್ಲ. 1883ರಲ್ಲಿ ಕಾರವಾರದ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದನ್ನು ಆತ್ಮಕಥನದಲ್ಲಿ ಬರೆದಿದ್ದಾರೆ. ಊರವರದೇ ಕಡಲಯಾನ ಬೇಕೆಂದರೆ ಕಾರವಾರದ ಬಳಿಯ ಕೂರ್ಮಗಡ ದ್ವೀಪವಿದೆ: ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಗೆ ಬಾಳೆಗೊನೆ ಹಿಡಿದು ಜನ ಮೀನುಗಾರರ ದೋಣಿಯಲ್ಲೇ ದ್ವೀಪಕ್ಕೆ ಹೋಗುತ್ತಾರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುವಾಗ ದೋಣಿ ಮುಳುಗಿ 16 ಮಂದಿ ತೀರಿಕೊಂಡರು. ಕಡಲಯಾನದ ಬಗ್ಗೆ ಬರೆಯುವ ಯಾರೂ ಆ ದಿನವನ್ನು ಬಿಟ್ಟು ಬರೆಯಬಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು: ಇಲ್ಲಿ ತಿಮಿಂಗಿಲವೇ ಕಾಣುವುದಿಲ್ಲವಲ್ಲ? ಸಂಜೆಯ ದೋಣಿಗೆ ಕಾಣುವುದಿಲ್ಲ, ನಿಜ. ನಮ್ಮ ದಡದ ಮುಂದೆ ಆಳವಿಲ್ಲದ ನೀರು ಬಹುದೂರ ಚಾಚಿದೆ, ದೊಡ್ಡ ತಿಮಿಂಗಿಲಗಳ ದಾರಿ ಅದರಾಚೆ. ಆದರೆ ಅವು ಈ ಕಡಲಿನವೇ. ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳು ಬೇರೆ ಸಾಗರದ ತಮ್ಮ ಬಂಧುಗಳಂತೆ ಧ್ರುವದ ಕಡೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುತ್ತವೆ. 1966ರ ನವೆಂಬರ್ ಒಂದರಲ್ಲೇ ಸೋವಿಯತ್ ಬೇಟೆ ಹಡಗುಗಳು ಒಮಾನ್, ಪಾಕಿಸ್ತಾನ, ಭಾರತದ ಆಚೆಯ ನೀರಿನಲ್ಲಿ ಇವುಗಳಲ್ಲಿ ಇನ್ನೂರಕ್ಕೂ ಹೆಚ್ಚನ್ನು ಕದ್ದು ಕೊಂದವು. ವಿಷಯ ಹೊರಬಿದ್ದದ್ದು ಸೋವಿಯತ್ ಒಕ್ಕೂಟ ಒಡೆದ ಮೇಲೆ. ಇಂದು ಒಮಾನ್ ಕಡೆ ಉಳಿದಿರುವುದು ನೂರಕ್ಕಿಂತ ಕಡಿಮೆ ಎಂಬ ಅಂದಾಜಿದೆ. 2017ರ ಕೊನೆಯಲ್ಲಿ ಉಪಗ್ರಹ ಸಂಕೇತಯಂತ್ರ ಹೊತ್ತ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಒಮಾನ್‌ನಿಂದ ಸಮುದ್ರ ದಾಟಿ ಗೋವೆಯ ಆಚೆಗೆ ಬಂದು, ಅಲ್ಲಿಂದ ತೆಂಕಣಕ್ಕೆ ಭಾರತದ ತುದಿಯವರೆಗೆ ಹೋಯಿತು. ಗೋವೆಯಿಂದ ತೆಂಕಣಕ್ಕೆ ಹೋಗುವ ದಾರಿಯೆಂದರೆ ಕಾರವಾರ, ಕೇಣಿಗಳ ಮುಂದಿನ ಕಡಲೇ. 

ದಡದ ಹತ್ತಿರ ಉಳಿದಿರುವುದು ತಿಮಿಂಗಿಲದ ಚಿಕ್ಕ ಬಂಧು, ಗೂನುಬೆನ್ನಿನ ಡಾಲ್ಫಿನ್. ಅದಕ್ಕೆ ಬೇಕಾದದ್ದು ನದಿಮುಖದ ಆಳವಿಲ್ಲದ ನೀರು. ಏಂಡಿ ಬಲೆಗೆ ಬೇಕಾದದ್ದೂ ಅದೇ. ಅಂಥದೇ ನೀರಿರುವ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸರಕು ಸಾಗಿಸುವ ಬಂದರಿನ ಯೋಜನೆಯನ್ನು ಸರ್ಕಾರ 2023ರಲ್ಲಿ ಖಾಸಗಿ ಕಂಪನಿಯೊಂದಕ್ಕೆ ಒಪ್ಪಿಸಿತು, ಮೀನುಗಾರರು ಬೀದಿಗಿಳಿದು ವಿರೋಧಿಸಿದರು. ಬಂದರಿನ ಲಾಭ ನಷ್ಟ ಎಣಿಸುವವರು ಈ ನೀರಿನಲ್ಲಿ ಆಗಲೇ ಬದುಕು ಕಟ್ಟಿಕೊಂಡವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಹಾರಕ್ಕೆ ಬರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮೀನುಗಾರರ ದೋಣಿಯನ್ನೇ ಹತ್ತಿ, ಜೀವರಕ್ಷಕ ಅಂಗಿ ತೊಡಿ, ಡಾಲ್ಫಿನ್ ಕಂಡರೆ ಬೆನ್ನಟ್ಟಿಸಬೇಡಿ, ದೂರದಲ್ಲೇ ಎಂಜಿನ್ ನಿಲ್ಲಿಸಲು ಹೇಳಿ, ಚುಕ್ಕಾಣಿ ಹಿಡಿದವರು ಕೈ ತೋರಿದ ಕಡೆ ನೋಡಿ.